ವಿಲ್ಲೆಮ್ ಸಾಹೇಬರ ನಗೆಪದ್ಯ

ತಪ್ಪು ನನ್ನದೇ. ಮೊದಲ ಪದ್ಯಕ್ಕೇ "ನನಗೆ ಡಚ್ ಬರುವುದಿಲ್ಲ" ಎಂದು ಮೈಕಿನಲ್ಲಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು.

ಹಾಲೆಂಡಿನ ಆಲೂಗೆಡ್ಡೆ ತಜ್ಞ ವಿಲ್ಲೆಮ್ ಬೂವನಹಳ್ಳಿಯ ಸಮುದಾಯ ಭವನದಲ್ಲಿ ರೈತರ ಪ್ರಶ್ನೆಗಳಿಗೆ ಒಂದು ಗಂಟೆ ಉತ್ತರಿಸುವುದೆಂದು ನಿಗದಿಯಾಗಿತ್ತು. ಹೈಸ್ಕೂಲಿನ ಇಂಗ್ಲಿಷ್ ಮೇಡಂ ಎಂದು ಅನುವಾದಕ್ಕೆ ನನ್ನನ್ನು ನಿಲ್ಲಿಸಿದರು. ಮೂರನೇ ಸಾಲಿನಲ್ಲಿ ನಮ್ಮಪ್ಪ ಬೈರಯ್ಯ ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರಲ್ಲಿ ಬೆಳಿಗ್ಗೆ ಹೊಲದಿಂದ ಕಿತ್ತ ಒಂದು ಗಿಡ. ಎಲೆಯ ಅಂಚು ಕಪ್ಪಾಗಿತ್ತು. ಈ ಸಲ ನಮ್ಮ ಎರಡೂವರೆ ಎಕರೆಗೂ ಆಲೂಗೆಡ್ಡೆಯೇ. ಇದು ಅಂಗಮಾರಿ ರೋಗವೋ ಅಲ್ಲವೋ ಎಂದು ಕೇಳುವುದೊಂದೇ ಅವರಿಗೆ ಬೇಕಿದ್ದದ್ದು.

ಶಾಲು, ಹಾರ, ಮೈಸೂರು ಪೇಟ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಪೇಟ ತೊಟ್ಟ ಖುಷಿಗೆ ವಿಲ್ಲೆಮ್ ತಾವೇ ಕಟ್ಟಿದ ನಗೆಪದ್ಯ ಶುರು ಮಾಡಿದರು. ಒಂದು ಸಾಲು ಡಚ್, ಒಂದು ಸಾಲು ಇಂಗ್ಲಿಷ್, ಎರಡಕ್ಕೂ ಪ್ರಾಸ. ನನಗೆ ಸಿಕ್ಕಿದ್ದು ಒಬ್ಬಳು ಅಜ್ಜಿ, ಒಂದು ಆಲೂಗೆಡ್ಡೆ, ಒಂದು ಸೈಕಲ್ಲು, ಅಷ್ಟೇ. ಇಡೀ ಭವನ ನನ್ನ ಬಾಯನ್ನೇ ನೋಡುತ್ತಿತ್ತು.

"ಅಜ್ಜಿ ಸೈಕಲ್ ಅತ್ತವ್ಳೆ. ಕ್ಯಾರಿಯರ್ ಮ್ಯಾಲೆ ಕುಂತಿರೋ ಆಲೂಗೆಡ್ಡೆ, ಮೆತ್ತಗೆ ತುಳಿಯಮ್ಮಿ ಅಂತೈತೆ!" ಎಂದೆ.

ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ನಾನು ಕೆಟ್ಟೆ. ವಿಲ್ಲೆಮ್ ಹಿಗ್ಗಿ ಹೀರೆಕಾಯಾಗಿ ಇನ್ನೊಂದು ಹೇಳಿದರು, ಮತ್ತೊಂದು ಹೇಳಿದರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನಾನೂ ಸುಳ್ಳಿನ ಮೇಲೆ ಸುಳ್ಳು ಕಟ್ಟಿದೆ. ರೈತರ ಪ್ರಶ್ನೆಗಳಿವೆ ಎಂದು ಪಿಸುಗುಟ್ಟಿದರೆ, ಇದೊಂದು ಪದ್ಯ ಎಂದು ಬೆರಳೆತ್ತುತ್ತಿದ್ದರು. ಅಪ್ಪ ಎರಡು ಸಲ ಕೈಯೆತ್ತಿ ಇಳಿಸಿದರು. ಆಮೇಲೆ ಅವರೂ ನಗತೊಡಗಿದರು. ನನಗೆ ಅಳು ಬರುವುದೊಂದು ಬಾಕಿ.

ಕೊಣನೂರಿನ ಸಭೆಗೆ ಹೊತ್ತಾಯಿತೆಂದು ಸಂಘಟಕರು ಅವರನ್ನು ಕಾರಿಗೆ ಕರೆದೊಯ್ದರು. ನಾನು ಅಪ್ಪನನ್ನೂ ಎಳೆದುಕೊಂಡು ಓಡಿಹೋಗಿ ತಡೆದು, ಚೀಲದಿಂದ ಗಿಡ ತೆಗೆದು ತೋರಿಸಿದೆ. ಇನ್ನೊಂದು ಪದ್ಯ ಬಂತೆಂದು ಜನ ಸುತ್ತ ಸೇರಿದರು. ಎಲೆ ತಿರುಗಿಸಿ ನೋಡಿದ ವಿಲ್ಲೆಮ್ ಮುಖ ಸಣ್ಣದಾಯಿತು. ಮೆಲ್ಲಗೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಕಾರು ಹತ್ತಿದರು. ಅಪ್ಪ ವಿಲ್ಲೆಮ್ ಮುಖ ನೋಡಲಿಲ್ಲ, ನನ್ನ ಬಾಯಿ ನೋಡುತ್ತಿದ್ದರು.

"ಏನಂದ್ರು ಭಾನು?"

"ಅಂಗಮಾರಿಯಂತೆ ಕಣಪ್ಪ. ಒಂದ್ ಗಿಡಾನೂ ಉಳಿಯಾಕಿಲ್ವಂತೆ. ಇವತ್ತೇ ಎಲ್ಲಾ ಕಿತ್ತು ಸುಟ್ಟಾಕ್ಬೇಕಂತೆ."

ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. "ಸುಟ್ಟಾಕ್ಬೇಕಂತೆ! ಬಲೇ ತಮಾಸೆ ಮನ್ಸ ಕಣ್ರಲಾ!"

ಸುತ್ತಲಿದ್ದವರೂ ನಕ್ಕರು. ನಾನು ಅದನ್ನೇ ಮತ್ತೆ ಹೇಳಿದೆ, ಇನ್ನೂ ಜೋರಾಗಿ ನಕ್ಕರು.

ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು, ಗಿಡವನ್ನು ಜೋಪಾನವಾಗಿ ಚೀಲಕ್ಕೆ ಸೇರಿಸಿದರು.

"ಸರಿ, ಈಗ ನಿಜ ಏಳವ್ವ," ಎಂದರು.