ಎರಡನೆಯ ಕಾರ್ಡು

ಮೇಲಿನ ಕಾರ್ಡಿನ ಶಾಖ ತೊಂಬತ್ತು ಡಿಗ್ರಿ ದಾಟಿದಾಗ ವಿಶ್ವಾಸ ಟೇಬಲ್ ಫ್ಯಾನನ್ನು ತನ್ನ ಕಡೆಯಿಂದ ತಿರುಗಿಸಿ ಕಂಪ್ಯೂಟರಿನ ಹೊಟ್ಟೆಗೆ ಹಿಡಿದ. ಡಬ್ಬಿಯ ಪಕ್ಕದ ತಗಡನ್ನು ಬೆಳಿಗ್ಗೆಯೇ ಬಿಚ್ಚಿಟ್ಟಿದ್ದ. ಒಳಗೆ ಎರಡು ಗ್ರಾಫಿಕ್ಸ್ ಕಾರ್ಡುಗಳು ಒಂದರ ಮೇಲೊಂದು ಕೂತಿದ್ದವು, ನಡುವೆ ಬೆರಳು ತೂರುವಷ್ಟೇ ಸಂದು. ಕೆಳಗಿನದು ಸ್ಟುಡಿಯೋ ಮಾಲೀಕ ಸಂಜುಕುಮಾರನದು. ಮೇಲಿನದು ವಿಶ್ವಾಸನದೇ, ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಕಂಪ್ಯೂಟರ್ ರಿಪೇರಿಯ ಉಸ್ಮಾನ ಮಿಯಾ ತಂದುಕೊಟ್ಟಿದ್ದ. ಮಾಲೀಕನ ಕಾರ್ಡು ಬಿಟ್ಟ ಬಿಸಿಯನ್ನೇ ಅದು ಉಸಿರಾಡಬೇಕಿತ್ತು.

ಚಿದ್ರಿ ಬಡಾವಣೆಯ ಆ ಸ್ಟುಡಿಯೋ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಗೋಡೆಗಳೂ ಬೆವರುತ್ತಿದ್ದವು. ಬೆಳಿಗ್ಗೆ ಏಳಕ್ಕೆ ಕೂತವನ ಕಣ್ಣೊಳಗೆ ಮರಳು ಹೊಯ್ದಂತಾಗಿತ್ತು.

ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಲಬರ್ಗಾದ ವೈಜಿನಾಥ ಕೂತಿದ್ದ. ಮೊನ್ನೆ ಅವನ ಮಗಳ ಮದುವೆ. ಇಂದು ಸಂಜೆ ಆರಕ್ಕೆ ಭಾಲ್ಕಿಯಲ್ಲಿ ಬೀಗರ ಮನೆಯವರ ಆರತಕ್ಷತೆ. ಅಲ್ಲಿ ದೊಡ್ಡ ಪರದೆಯ ಮೇಲೆ ಮದುವೆಯ ಈ ಸಿನಿಮಾ.

ಊರಿನ ಮುಖ್ಯರಸ್ತೆಯನ್ನು ಪೈಪಿಗಾಗಿ ಅಗೆದಿದ್ದರಿಂದ ವರನ ಮೆರವಣಿಗೆ ದಲಿತರ ಕೇರಿಯ ಮುಂದೆ ಹಾದಿತ್ತು. ಕುದುರೆಯ ಮೇಲೆ ವರ. ಹಿಂದೆ ಕೇರಿಯ ನೀಲಿ ಕಮಾನು. ಕಮಾನಿನ ಕೆಳಗೆ ನಿಂತ ಹೆಂಗಸರು ಚೆಂಡುಹೂವಿನ ಎಸಳು ತೂರುತ್ತಿದ್ದಾರೆ. ಮೂರು ನಿಮಿಷದ ಆ ತುಣುಕಿನಲ್ಲಷ್ಟೇ ವರ ನಕ್ಕಿದ್ದ. ಹಾಗಾಗಿ ಅದನ್ನು ಬಿಡುವಂತಿರಲಿಲ್ಲ.

"ಹೂವಿರಲಿ, ಛಲೋ ಕಾಣ್ತಾವ," ಎಂದು ವೈಜಿನಾಥ ಬೆಳಿಗ್ಗೆ ಹೇಳಿದ್ದ. "ಹಾಕೋ ಮಂದಿ ಬ್ಯಾಡ. ಆ ಕಮಾನೂ ಬ್ಯಾಡ. ಬೀಗರ ಮಂದಿ ಕೇಳ್ತಾರ, ವರನ ಮೆರವಣಿಗಿ ಯಾವ ಹಾದಿಲೆ ಬಂತು ಅಂತ. ನಿನಗ ಹೇಳೋದೇನಪಾ, ನೀ ನಮ್ಮೂರಾವ."

ಬೇಡವಾದದ್ದನ್ನು ಅಳಿಸಿದರೆ ಸಾಲದು. ಅದು ಇಲ್ಲದಿದ್ದರೆ ಅಲ್ಲಿ ಏನು ಕಾಣುತ್ತಿತ್ತೋ ಅದನ್ನು ಯಂತ್ರ ಊಹಿಸಿ ವಿಡಿಯೋದ ಒಂದೊಂದು ಚೌಕಟ್ಟಿನಲ್ಲೂ, ಅಂದರೆ ಒಂದೊಂದು ಫ್ರೇಮಿನಲ್ಲೂ, ತುಂಬಬೇಕು. ಬೆಸ ಸಂಖ್ಯೆಯ ಚೌಕಟ್ಟುಗಳನ್ನು ಮಾಲೀಕನ ಕಾರ್ಡಿಗೆ, ಸಮ ಸಂಖ್ಯೆಯವನ್ನು ತನ್ನ ಕಾರ್ಡಿಗೆ ವಿಶ್ವಾಸ ಹಂಚಿದ್ದ. ಎರಡೂ ದುಡಿದರೆ ಎಂಟು ತಾಸು. ಒಂದೇ ಆದರೆ ಹದಿನಾರು. ಊರಿಗೆ ಅಳಿಸುವ ಈ ಕೆಲಸ ತಲೆಮಾರುಗಳಿಂದ ರೂಢಿಯಾಗಿತ್ತು. ಕೈ ಎತ್ತದೆ, ಬೆವರದೆ ಮಾಡುತ್ತಿತ್ತು. ಯಂತ್ರಕ್ಕೆ ಮಾತ್ರ ಇಷ್ಟು ಕಾವು.

ಒಂದೂವರೆಗೆ ಮೇಲಿನ ಕಾರ್ಡು ಕೈಬಿಟ್ಟಿತು. ಪಂಖದ ಸದ್ದು ಒಮ್ಮೆ ಏರಿ ಇಳಿಯಿತು. ಒಂದು ಗಂಟೆಗೂ ಹೆಚ್ಚು ಹೊತ್ತಿನಿಂದ ಅದು ತನ್ನ ಪಾಲಿನ ಒಂದು ಚೌಕಟ್ಟನ್ನೂ ಮಾಡಿರಲಿಲ್ಲವೆಂಬುದು ಆಗ ತಿಳಿಯಿತು.

"ಎಷ್ಟಾತು, ತೋರ್ಸು," ಎಂದು ಒಳಬಂದ ಸಂಜುಕುಮಾರ.

ವಿಶ್ವಾಸ ಓಡಿಸಿದ. ಮೊದಲು ಎಲ್ಲ ನುಣ್ಣಗೆ: ಬರೀ ಗೋಡೆ, ಬೇವಿನ ಗಿಡ, ಎಲ್ಲಿಂದಲೋ ಉದುರುವ ಹೂ. ಆಮೇಲೆ ಕಮಾನು ನಡುಗತೊಡಗಿತು. ಅಳಿಸಿದ ಒಂದು ಚೌಕಟ್ಟು, ಅಳಿಸದ ಒಂದು ಚೌಕಟ್ಟು. ಹಸಿರು ಸೀರೆಯ ಮುದುಕಿಯೊಬ್ಬಳು ಗಾಳಿಗೆ ಸಿಕ್ಕ ದೀಪದಂತೆ ಇದ್ದಳು, ಇಲ್ಲ, ಇದ್ದಳು.

ವೈಜಿನಾಥ ನಕ್ಕುಬಿಟ್ಟ. "ಎಲಾ, ಹೋಗವಲ್ಲಳಲ್ಲೋ!"

"ಯಾರಪಾ ಆ ಮುದುಕಿ, ಮತ್ತ ಮತ್ತ ಬರ್ಲಿಕತ್ತಾಳ?" ಎಂದ ಸಂಜುಕುಮಾರ.

"ನಮ್ಮವ್ವ ಅದಾಳ್ರಿ," ಎಂದ ವಿಶ್ವಾಸ.

ಫ್ಯಾನು ತಿರುಗುತ್ತಿತ್ತು. ಸಂಜುಕುಮಾರ ವೈಜಿನಾಥನ ಕಡೆ ನೋಡಿದ. ವೈಜಿನಾಥ ಮೊಬೈಲಿನ ಕಡೆ ನೋಡಿದ.

"ಅದಕ್ಕೇನಾತು," ಎಂದ ವೈಜಿನಾಥ, ತಲೆ ಎತ್ತದೆ. "ಕೌಸಲ್ಯಾಬಾಯಿ ಭಾಳ ಛಲೋ ಹೆಣ್ಮಗಳು. ನಾ ಏನ್ ಅಕಿನ್ನ ಊರು ಬಿಡಿಸ್ಲಿಕತ್ತೇನಾ? ಬರೇ ವಿಡಿಯೋದಾಗಿಂದ."

"ಜರಾ ತಣ್ಣೀರಿನ ಅರಿವಿ ಹಚ್ಚಿ ಮತ್ತ ಚಾಲೂ ಮಾಡು, ವಿಶ್ವಾಸ," ಎಂದ ಸಂಜುಕುಮಾರ ಮೆತ್ತಗೆ. "ಆರರೊಳಗ ಆಗ್ತದ. ಎಂಟು ವರ್ಷ ನನ್ನ ಕೂಡ ಅದೀ. ನಿನಗ ತಿಳೀತದ."

ತಿಳಿಯುತ್ತಿತ್ತು. ಎಂಟು ವರ್ಷ ಮೊಡವೆ ಅಳಿಸಿದ್ದ, ಚರಂಡಿ ಅಳಿಸಿದ್ದ, ಕಪ್ಪು ವಧುಗಳನ್ನು ಬೆಳ್ಳಗೆ ಮಾಡಿದ್ದ. ಈಗ ಅಳಿಸುವ ಪದರವನ್ನು, ಇದುವರೆಗೆ ಆದ ಚೌಕಟ್ಟುಗಳ ಸಮೇತ, ತೆಗೆದುಹಾಕಿ, ಮೂಲ ತುಣುಕನ್ನು ಸಿನಿಮಾದೊಳಗೆ ಕೂಡಿಸಿ, ಪೆನ್‌ಡ್ರೈವಿಗೆ ಇಳಿಸಿದ. ಆಮೇಲೆ ಕಂಪ್ಯೂಟರ್ ಆರಿಸಿ ಸ್ಕ್ರೂಡ್ರೈವರ್ ತೆಗೆದುಕೊಂಡ.

"ಏನ್ ಮಾಡ್ಲಿಕತ್ತಿ?" ಎಂದ ಸಂಜುಕುಮಾರ.

"ನನ್ನ ಕಾರ್ಡು ತಗೋತೇನಿ, ಅಣ್ಣಾ." ಎರಡು ತಿರುಪು ಬಿಚ್ಚಿ, ಕೊಂಡಿ ಒತ್ತಿ, ಮೇಲಿನದನ್ನು ಎಳೆದ. ಅಂಗೈ ಸುಟ್ಟಿತು, ಹೆಗಲ ಟವೆಲ್ಲಿನಲ್ಲಿ ಸುತ್ತಿದ. "ಡ್ರೈವಿನಾಗ ಇದ್ದದ್ದು ಇದ್ದಂಗ ಅದ. ತೋರಿಸ್ರಿ. ಇಲ್ಲಾ ನಿಮ್ಮ ಒಂದೇ ಕಾರ್ಡಿನಾಗ ಅಳಿಸ್ರಿ. ಮುಗಿಯೋದ್ರಾಗ ನಾಳೆ ಹೊತ್ತು ಹೊಂಡತದ."

"ಸೊಕ್ಕು ನೋಡ್ರಿ," ಎಂದ ವೈಜಿನಾಥ. "ಯಾರ ಮುಂದ ನಿಂತೀದಿ, ಗೊತ್ತದ ಏನೋ?"

"ಗೊತ್ತದ್ರಿ. ಮೊನ್ನಿ ನಮ್ಮ ಕಮಾನಿನ ಮುಂದ ನೀವು ನಿಂತಿದ್ರಿ."

"ಈಗ ಹೊಂಟ್ರ ಹೊಳ್ಳಿ ಬರಬ್ಯಾಡ," ಎಂದ ಸಂಜುಕುಮಾರ. ಅವನ ದನಿಯೂ ದಣಿದಿತ್ತು. ವಿಶ್ವಾಸ ಸ್ಟುಡಿಯೋದ ಬೀಗದ ಕೈಯನ್ನು ಕೀಬೋರ್ಡಿನ ಮೇಲಿಟ್ಟ.

ಭಾಲ್ಕಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ತೊಡೆಯ ಮೇಲಿನ ಟವೆಲ್ಲು ಹೊದಿಸಿಟ್ಟ ರೊಟ್ಟಿಯಂತೆ ಬಿಸಿಯಿತ್ತು. ಕಣ್ಣು ಮುಚ್ಚಿದರೆ ಬೆಸ, ಸಮ, ಬೆಸ, ಸಮ.

ಹಲಬರ್ಗಾದಲ್ಲಿ ಇಳಿದು ನಡೆದಾಗ ಕೌಸಲ್ಯಾಬಾಯಿ ಕಮಾನಿನ ನೆರಳಲ್ಲಿ ಪೊರಕೆ ಹಿಡಿದಿದ್ದಳು. ಕುದುರೆ, ಜನ ತುಳಿದ ಚೆಂಡುಹೂವಿನ ಎಸಳುಗಳು ಡಾಂಬರಿಗೆ ಅಂಟಿ ಒಣಗಿದ್ದವು.

"ಇವತ್ತ್ ಇಷ್ಟ್ ಲಗೂ?"

"ಕೆಲ್ಸ ಮುಗೀತವ್ವ."

"ಮದಿವಿ ವಿಡಿಯೋ ನೀನೇ ಮಾಡಿದ್ಯಂತಲ್ಲ," ಎಂದಳು ಅವಳು, ಸೊಂಟ ಹಿಡಿದು ನೆಟ್ಟಗಾಗುತ್ತ. "ಅದರಾಗ ನಾ ಬಂದೀನೇನೋ?"

ವಿಶ್ವಾಸ ಟವೆಲ್ಲಿನ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಬಂದೀದಿ."

ಅವಳು ಹಸಿರು ಸೀರೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಆಮೇಲೆ ಬಗ್ಗಿ, ಪೊರಕೆಗೆ ಬಾರದ ಎಸಳುಗಳನ್ನು ಉಗುರಿನಿಂದ ಕೀಳತೊಡಗಿದಳು.