ಮೂರು ಸೀಳಾದ ಇಸ್ತ್ರಿ ಹಲಗೆ

"ಎಳೀಬೇಡ ಅಂದ್ನಲ್ಲ! ಕೆಳಗೆ ಬೀಳದ ಹಾಗೆ ಹಿಡ್ಕೋ, ಸಾಕು. ನೂಕೋದು ನನ್ನ ಕೆಲಸ."

ತನ್ನ ಬಡಗಿ ಶೆಡ್ಡಿನಲ್ಲಿ ಅಕ್ಕ ಮಷೀನು ಆರಿಸಿ ಗದರಿದಾಗ ತಮ್ಮ ಕೈ ಹಿಂದಕ್ಕೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಬಸ್ಸು ಓಡಿಸುವ ಈ ಆಸಾಮಿಗೆ ಡಿಪೋದಲ್ಲಿ ಕುಕ್ಕರ್ ಅಂತಲೇ ಹೆಸರು, ಅಷ್ಟು ಬೇಗ ಸಿಟ್ಟೇರಿ ಸೀಟಿ ಹೊಡೆಯುತ್ತಾನೆ. ಅಂಥವನು ಬೈಸಿಕೊಂಡು ಸುಮ್ಮನೆ ನಿಂತದ್ದು ಅಕ್ಕನಿಗೆ ಇನ್ನಷ್ಟು ದಿಗಿಲು ಹುಟ್ಟಿಸಿತು.

ಅಮ್ಮ ಹೊಲಿಗೆ ಮಾಡಿ ಮೂವರನ್ನು ಸಾಕಿದವಳು. ಅವಳು ಹೋದ ಮೇಲೆ ಪಾತ್ರೆ ಪಗಡೆಗೆ ಯಾರೂ ಜಗಳವಾಡಲಿಲ್ಲ. ಜಗಳವಾದದ್ದು ಅವಳ ಇಸ್ತ್ರಿ ಹಲಗೆಗೆ. ಗೇಣಗಲದ, ದಿಮ್ಮಿಯಂಥ ಹಲಗೆ. ಅದರ ಒಂದು ಮೈಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕರಿ ಮಚ್ಚೆ. ಚಿಕ್ಕವನಿದ್ದಾಗ ತಮ್ಮ ಮರದಿಂದ ಬಿದ್ದನೆಂದು ಯಾರೋ ಕೂಗಿದಾಗ ಅಮ್ಮ ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಓಡಿದ್ದಳು. ಹುಡುಗನಿಗೆ ಏನೂ ಆಗಿರಲಿಲ್ಲ, ಹಲಗೆ ಮಾತ್ರ ಸುಟ್ಟಿತ್ತು. "ಅದು ನಂದು" ಎಂದು ತಮ್ಮ, "ಹಲಗೆ ಅಂದ್ರೇನು ಅಂತ ಗೊತ್ತಿರೋದು ನಂಗೆ" ಎಂದು ಬಡಗಿ ಕೆಲಸದ ಅಕ್ಕ. ಮಾತಿಗೆ ಮಾತು ಬೆಳೆದು, "ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ" ಎಂದು ಅವನು ಹೊರಟುಹೋಗಿದ್ದ. ಕೊನೆಗೆ ಚಿಕ್ಕವಳೇ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತಂಗಿ, ಇಬ್ಬರಿಗೂ ಫೋನಿನಲ್ಲಿ ಬೈದು ತೀರ್ಮಾನ ಹೇಳಿದಳು: ಹಲಗೆಯನ್ನು ದಪ್ಪದಲ್ಲಿ ಮೂರು ಸೀಳು ಮಾಡಿಸುವುದು, ಮಚ್ಚೆಯಿರುವ ಸೀಳು ಅಣ್ಣನಿಗೆ.

ಸೀಳಿದ್ದೇನೋ ಆಯಿತು, ಆದರೆ ಮರ ಕೊಯ್ಯುವ ಮಿಲ್ಲಿನ ಗರಗಸ ಹಾವಿನಂತೆ ಹರಿದಿತ್ತು. ಸೀಳಿದ ಮೈಯೆಲ್ಲ ಉಬ್ಬು ತಗ್ಗು. ಎಳೆ ಅಡ್ಡಾದಿಡ್ಡಿ ಓಡುವ ಮರವಾದ್ದರಿಂದ ನುಣುಪು ಮಾಡಲು ಉಜ್ಜುಗೊರಡು ಹಾಕಿದರೆ ಸಿಬಿರು ಕಿತ್ತು ಬರುತ್ತಿತ್ತು. ಅದಕ್ಕೇ ಅಕ್ಕ, ಅಡಿಯಲ್ಲಿ ಸಣ್ಣ ಮೇಜಿರುವ, ತೂತು ಕೊರೆಯುವ ಡ್ರಿಲ್ ಮಷೀನಿಗೆ ಬೈರಿಗೆಯ ಬದಲು ಉಜ್ಜುವ ಬಿಲ್ಲೆ ಸಿಕ್ಕಿಸಿದ್ದಳು. ಅಂಗೈಯಷ್ಟಗಲದ ಬಿಲ್ಲೆ, ಅಡಿಯಲ್ಲಿ ಮೂರು ಹಲ್ಲು. ಅದು ಗಿರ್ರನೆ ತಿರುಗುವಾಗ ತಿರುಗುವ ದಿಕ್ಕಿಗೆ ಎದುರಾಗಿ ಹಲಗೆಯನ್ನು ನಿಧಾನ ನೂಕಬೇಕು. ಒಂದು ಸಲಕ್ಕೆ ತೆಳ್ಳಗೆ ಒಂದು ಪದರ.

"ಇನ್ನೂ ಎಷ್ಟೊತ್ತಕ್ಕಾ? ಸಾಯಂಕಾಲ ಡ್ಯೂಟಿ ಇದೆ. ಬೇಗ ಮಾಡು." ತನ್ನ ಪಾಲಿನ ಸೀಳು ಒಯ್ಯಲು ಅವನು ತಂದಿದ್ದ ವ್ಯಾನು ಬಾಗಿಲಲ್ಲೇ ನಿಂತಿತ್ತು. ಹಲಗೆ ತಗೊಂಡು ಹೋದರೆ ಮತ್ತೆ ಈ ಕಡೆ ತಲೆ ಹಾಕುವವನಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಕೆಲಸ ಕೆಟ್ಟರಂತೂ ಮುಗಿದೇ ಹೋಯಿತು. ಬೇರೆ ದಿನವಾಗಿದ್ದರೆ ಮೊದಲು ರದ್ದಿ ಮರದ ತುಂಡೊಂದನ್ನು ಹಾಯಿಸಿ ನೋಡುತ್ತಿದ್ದಳು. ಅವನ ಅವಸರಕ್ಕೆ ಅದನ್ನು ಬಿಟ್ಟಳು. ಎಲ್ಲೆಲ್ಲಿ ಸವೆಯಿತೆಂದು ತಿಳಿಯಲು ಸೀಳಿದ ಮೈಮೇಲೆ ಸೀಮೆಸುಣ್ಣದಿಂದ ಗೀಚಿ, ಮತ್ತೆ ಸ್ವಿಚ್ಚು ಒತ್ತಿದಳು. ಹಲಗೆ ಆ ತುದಿ ಮುಟ್ಟಿತು, ಹೊಟ್ಟು ಮುಖಕ್ಕೆ ಎರಚಿತು.

ಮಷೀನು ನಿಂತ ಮೇಲೆ ಅಕ್ಕ ಹೊಟ್ಟು ಊದಿ ನೋಡಿದಳು. ಬಿಲ್ಲೆ ಹರಿದ ದಾರಿಯ ಎರಡೂ ಅಂಚಿನಲ್ಲಿ ಸುಣ್ಣದ ಗೀಟು ಹಾಗೇ ಇತ್ತು. ನಡುವೆ ಮಾತ್ರ ಕಾಲುವೆಯ ಹಾಗೆ ತೋಡಿಕೊಂಡಿತ್ತು.

"ಏನಾಯ್ತು?"

ಮಿಲ್ಲಿನವರ ತಪ್ಪು ಅಂದುಬಿಡಬಹುದಿತ್ತು. ಅವನು ನಂಬುತ್ತಿದ್ದ, ಹೋಗಿ ಮಿಲ್ಲಿನವರ ಜೊತೆ ಜಗಳವೂ ಆಡಿ ಬರುತ್ತಿದ್ದ. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ತಪ್ಪು ನಂದು ಕಣೋ" ಎಂದಳು. "ಕುರ್ಚಿ ಕಾಲಿಗೆ ಓರೆ ತೂತು ಕೊರೆಯೋಕೆ ಅಂತ ಈ ಮಷೀನಿನ ಮೇಜು ವಾಲಿಸಿದ್ದೆ. ಆಮೇಲೆ ಕಣ್ಣಳತೇಲಿ ಸಮ ಮಾಡ್ದೆ. ಸಮ ಆಗಿಲ್ಲ. ತೋಡ್ಬಿಟ್ಟಿದೆ."

ಈಗ ಸೀಟಿ ಕೂಗುತ್ತದೆ ಎಂದು ಕಾದಳು. ಅವನು ಹಲಗೆ ಮಗುಚಿದ. ಮಚ್ಚೆ ಇದ್ದ ಹಾಗೇ ಇತ್ತು. ಅದರ ಮೇಲೊಮ್ಮೆ ಹೆಬ್ಬೆರಳು ಆಡಿಸಿದ.

"ಇದಕ್ಕೇನೂ ಆಗಲ್ವಾ?"

"ತಡಿ."

ಅಕ್ಕ ದಪ್ಪ ಅಳೆಯುವ ಚಿಮಟವನ್ನು ಕಾಲುವೆಯ ಅತಿ ಆಳದ ಜಾಗಕ್ಕೆ ಹಿಡಿದಳು. ಅದು ಒಮ್ಮೆ ಜಾರಿತು. ಮತ್ತೆ ಹಿಡಿದಳು. ಉಳಿದ ಭಾಗವನ್ನೆಲ್ಲ ಆ ಆಳಕ್ಕೆ ಇಳಿಸಿದರೂ ಕಿರುಬೆರಳಿಗಿಂತ ಜಾಸ್ತಿ ದಪ್ಪ ಉಳಿಯುತ್ತಿತ್ತು.

"ಬದುಕ್ತು!" ಎಂದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಧಾರಾಳ ಇದೆ. ಬದುಕ್ತು ಕಣೋ."

ತಮ್ಮ ತಲೆ ಕೆರೆದುಕೊಂಡು, "ಬೇಗ ಬೇಗ ಅಂತ ಪ್ರಾಣ ತಿಂದಿದ್ದು ನಾನಲ್ವಾ" ಎಂದ. "ಅರ್ಧ ತಪ್ಪು ನನ್ನ ಲೆಕ್ಕಕ್ಕೆ ಹಾಕು."

ಅವನು ಹುಟ್ಟಿದಾಗಿನಿಂದ ಅವನ ಬಾಯಲ್ಲಿ ತಪ್ಪು ಎಂಬ ಮಾತನ್ನು ಅಕ್ಕ ಕೇಳಿರಲಿಲ್ಲ. ಕೇಳಿಸದವಳಂತೆ ಎದ್ದು, ಬಿಲ್ಲೆ ಬಿಚ್ಚಿ, ಅದರ ಜಾಗಕ್ಕೆ ಬಗ್ಗಿಸಿದ ತಂತಿಯೊಂದನ್ನು ಸಿಕ್ಕಿಸಿದಳು. "ಕೈಯಲ್ಲೇ ತಿರುಗಿಸು. ತಂತಿ ತುದಿ ಮೇಜಿಗೆ ಸುತ್ತಲೂ ಒಂದೇ ಸಮ ತಾಗಬೇಕು."

"ಈ ಕಡೆ ತಾಗ್ತಿದೆ. ಆ ಕಡೆ ಇಲ್ಲ."

ಅಕ್ಕ ಮೇಜಿನ ಬೋಲ್ಟು ಸಡಿಲಿಸಿ ಒಂಚೂರು ಎತ್ತಿದಳು. "ಈಗ?"

"ಇನ್ನೊಂಚೂರು. ಹಾಂ... ಅಯ್ಯೋ, ಜಾಸ್ತಿ ಆಯ್ತು. ನಿಧಾನಕ್ಕೆ ಮಾಡೇ ಮಾರಾಯ್ತಿ!"

"ಈಗ ನಿಧಾನ ಬೇಕಾಯ್ತಾ ಇವ್ನಿಗೆ!"

ಮೇಜು ಸಮನಾಯಿತು, ಬಿಲ್ಲೆ ಮತ್ತೆ ತನ್ನ ಜಾಗಕ್ಕೆ ಬಂತು. ಮೊದಲು ರದ್ದಿ ತುಂಡು ಹಾಯಿಸಿದರು. ಆಮೇಲೆ ಹಲಗೆ, ಪದರ ಪದರವಾಗಿ. ಪ್ರತಿ ಸಲವೂ ತಮ್ಮನೇ ಸುಣ್ಣ ಗೀಚಿದ, ಪ್ರತಿ ಸಲವೂ ಬಗ್ಗಿ ನೋಡಿದ. ಕಡೆಯ ಸಲ ಗೀಟು ಪೂರ್ತಿ ಅಳಿಸಿಹೋಗಿತ್ತು, ಮೈ ನುಣ್ಣಗಾಗಿತ್ತು.

"ನಡಿ, ವ್ಯಾನಿಗೆ ಹಾಕೋಣ" ಎಂದಳು ಅಕ್ಕ. ಬೇಡವೆನ್ನುತ್ತಿದ್ದ ಮನಸ್ಸನ್ನು ಗದರಿಕೊಂಡೇ ಅಂದಳು.

ತಮ್ಮ ಹಲಗೆಯನ್ನು ಎತ್ತಿಕೊಂಡ. ಬಾಗಿಲ ಕಡೆ ಹೋಗಲಿಲ್ಲ. ಗೋಡೆಗೆ ಒರಗಿಸಿದ್ದ ಇನ್ನೆರಡು ಸೀಳಿನ ಪಕ್ಕ ಅದನ್ನೂ ನಿಲ್ಲಿಸಿ, ಜಾರದ ಹಾಗೆ ಅಡಿಗೊಂದು ಚಕ್ಕೆ ಕೊಟ್ಟ.

"ಮೂರೂ ಆಗೋವರೆಗೆ ಇಲ್ಲೇ ಇರ್ಲಿ" ಎಂದ. "ನಾಳೆ ನಂಗೆ ರಜಾ. ಹಿಡ್ಕೊಳ್ಳೋಕೆ ಆ ಕಡೆ ಒಬ್ರು ಬೇಕಲ್ಲ ನಿಂಗೆ. ನಾನಿಲ್ದೆ ಶುರು ಮಾಡ್ಬೇಡ."

ವ್ಯಾನು ಹೊರಟಾಗ ಅಕ್ಕ ಬಾಗಿಲಿಗೆ ಬಂದು ನಿಂತಳು. ಹಲಗೆ ಕಟ್ಟಲೆಂದು ತಂದಿದ್ದ ಹಗ್ಗ, ಬಿಚ್ಚದ ಸುರುಳಿಯಾಗಿ, ಖಾಲಿ ಹಿಂಬದಿಯಲ್ಲಿ ಅತ್ತಿಂದಿತ್ತ ಉರುಳುತ್ತಾ ಹೋಯಿತು.