ಕೂಸಿಲ್ಲದ ಕಾದಂಬರಿ

ಆ ಕಾದಂಬರಿಯನ್ನು ನಾನು ನೂರಾ ಹನ್ನೆರಡನೆಯ ಪುಟಕ್ಕೆ ಬಿಟ್ಟೆ. ಬರೆದ ಮಹಾಶಯ ಎದುರಿಗೆ ಸಿಕ್ಕಿದ್ದರೆ ಅವನನ್ನು ಮಾತ್ರ ಬಿಡುತ್ತಿರಲಿಲ್ಲ.

ಅದು ಮೂವತ್ತಾರನೆಯ ಇಸವಿ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ನಾನು ಪುರಾಣ ಓದುವುದು, ಅತ್ತೆ ಲಕ್ಷ್ಮೀಬಾಯಿ ಹೂಬತ್ತಿ ಮಾಡುತ್ತ ಕೇಳುವುದು. ಕಂಬಕ್ಕೆ ಆತು ಈರವ್ವ ಕೂಡುತ್ತಿದ್ದಳು. ಎದುರು ಬಂಗಲೆಯ ಹತ್ತಿ ವ್ಯಾಪಾರಿ ಸಿದ್ದಪ್ಪ ಸಾವಕಾರರಿಗೆ ತಾಯಿಯಿಲ್ಲದ ಪುಟ್ಟ ಮಗಳು, ನೀಲಿ; ಈರವ್ವ ಎರಡು ವರ್ಷದಿಂದ ಅವಳ ಆಯಾ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು.

ಸಾವಕಾರರು ಅವಳನ್ನು ಉಡಿಕೆ ಮಾಡಿಕೊಳ್ಳುತ್ತೇನೆ ಅಂದಿದ್ದರು. ಅವರಲ್ಲಿ ವಿಧವೆಗೆ ಹಾಗೆ ಎರಡನೆಯ ಮದುವೆ ಉಂಟು. ಸೋಮವಾರ ಉತ್ತರ ಕೊಡಬೇಕು, ಏನು ಮಾಡಲಿ ಎಂದು ಈರವ್ವ ನನ್ನನ್ನು ಕೇಳಿದಳು. ನಾನೋ ಕಾದಂಬರಿಯ ಹುಚ್ಚಿ. ವಾಚನಾಲಯದಿಂದ ಅಂಥದೇ ಕಥೆ ಹುಡುಕಿ ತಂದೆ: ಮುಂಬಯಿಯ ಕೋಟ್ಯಧೀಶ ಗಿರಣಿ ಮಾಲಕ, ಅವನ ಮಗುವನ್ನು ನೋಡಿಕೊಳ್ಳಲು ಬಂದ ಬಡ ಹುಡುಗಿ.

"ಇದನ್ನ ಪೂರಾ ಕೇಳು. ಆಮ್ಯಾಲೆ ಹೂಂ ಅನ್ನು" ಅಂದೆ.

ಕಣ್ಣು ಮಂಜಾದ ಅತ್ತೆ, ದಪ್ಪ ಪುಸ್ತಕ ಕಂಡು ಪುರಾಣವೆಂದೇ ತಿಳಿದು, ವ್ಯಾಸಪೀಠದ ಮೇಲಿಟ್ಟು ಅರಿಷಿಣ ಕುಂಕುಮ ಏರಿಸಿಬಿಟ್ಟರು. ಮುಗಿಯಿತು! ಪೂಜೆಯಾದ ಪುಸ್ತಕವನ್ನು ಮಂಗಳಾರತಿಯ ತನಕ ಓದಲೇಬೇಕು, ನಡುವೆ ಬಿಟ್ಟರೆ ಕೇಡು. ಎರಡನೆಯ ದಿನ "ಇದ್ಯಾವ ಪುರಾಣನವಾ, ಮೋಟಾರ ಬರ್ತದಲ್ಲ!" ಎಂದು ಕೇಳಿದರು. ಆದರೆ ಕುಂಕುಮ ಬಿದ್ದಾಗಿತ್ತು.

ಓದಿದೆ. ಅಯ್ಯ, ಏನು ಹೇಳಲಿ! ಮೋಟಾರು, ಮುತ್ತಿನ ಸರ, ಬೆಳದಿಂಗಳು, ಮತ್ತೆ ಮೋಟಾರು. ನಾಯಕಿ ಕಿಟಕಿಯಲ್ಲಿ ನಿಂತು ಇಪ್ಪತ್ತು ಪುಟ ನಿಟ್ಟುಸಿರು ಬಿಟ್ಟಳು. ನಾಲ್ಕನೆಯ ದಿನ ಈರವ್ವ ನೀಲಿಯ ಮೂಗು ಒರೆಸುತ್ತ ಕೇಳಿದಳು:

"ಬಾಯಾರ, ಆ ಕೂಸು ಎಲ್ಲಿ ಹೋತ್ರಿ?"

ಹಿಂದಿನ ಪುಟಗಳನ್ನು ತಿರುವಿದೆ. ಐದನೆಯ ಪ್ರಕರಣದಲ್ಲಿ ಮಲಗಿದ ಮಗು ಎದ್ದೇ ಇರಲಿಲ್ಲ.

"ತಲಿ ಬಾಚೂದಿಲ್ಲ, ಉಣಸೂದಿಲ್ಲ. ಎಂಥಾ ಆಯಾ ರೀ ಇಕಿ? ಕಡೀಕರ ಕೂಸು ಬರತೈತೇನು ನೋಡ್ರಿ."

ಕೊನೆಯ ಪ್ರಕರಣಕ್ಕೆ ಹಾರಿದೆ. ಮದುವೆ, ಬ್ಯಾಂಡು, ನಡುವೆ ಒಂದೇ ಸಾಲು: ಮಗುವನ್ನು ದೂರದ ವಸತಿ ಶಾಲೆಗೆ ಕಳಿಸಲಾಗಿತ್ತು. ಸುಳ್ಳು ಹೇಳಿಬಿಡೋಣ ಅನ್ನಿಸಿತು. ಮನೆ, ಮೋಟಾರು, ಮರ್ಯಾದೆ ಎಲ್ಲ ಈರವ್ವನಿಗೆ ಸಿಗಲಿ ಎಂದು ನನಗೆ ಖರೇ ಆಸೆಯಿತ್ತು. ಆದರೆ ನೀಲಿ ಅವಳ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಓದಿದೆ.

ಈರವ್ವ ನೀಲಿಯನ್ನು ಹತ್ತಿರ ಎಳೆದುಕೊಂಡಳು.

"ಸಾವಕಾರ್ರೂ ಇದನ್ನ ಅಂದಾರ್ರಿ. ಲಗ್ನ ಆದ ಮ್ಯಾಲೆ ನೀಲೀನ ಗದಗಿಗೆ ಆಕಿ ಅಜ್ಜಿ ಮನ್ಯಾಗ ಬಿಡೂದಂತ. ನಿಮಗ ಹೇಳಿದ್ದಿಲ್ಲ. ಶಾಣ್ಯಾರು ಬರದ ಪುಸ್ತಕದಾಗರ ಬ್ಯಾರೆ ದಾರಿ ಇದ್ದೀತು ಅಂದ್ಕೊಂಡಿದ್ದೆ."

ನನಗೆ ನಾಚಿಕೆಯಾಯಿತು. ನಾಲ್ಕು ದಿನ ನಾನು ಅವಳಿಗೆ ಮೋಟಾರಿನ ಆಸೆ ಹಚ್ಚುತ್ತ ಕೂತಿದ್ದೆ.

"ಇಲ್ಲಿಗೇ ಮಂಗಳಾರತಿ ಮಾಡಿಬಿಡ್ರಿ" ಅಂದಳು ಈರವ್ವ.

"ಅರ್ಧಕ್ಕ ಬಿಟ್ಟರ ಕೇಡವಾ" ಎಂದರು ಅತ್ತೆ.

"ಆ ಕೇಡು ನನಗಿರಲ್ರಿ, ಅಮ್ಮಾರ."

ಆರತಿಯಾಯಿತು. ಪ್ರಸಾದದ ಸಕ್ಕರೆಯನ್ನು ನೀಲಿ ಎರಡೆರಡು ಸಲ ಕೇಳಿ ತಿಂದಳು. ಸೋಮವಾರ ಈರವ್ವ ಸಾವಕಾರರಿಗೆ ಒಲ್ಲೆ ಅಂದಳು.

ದೀಪಾವಳಿ ಹೊತ್ತಿಗೆ ಅವರು ಬೇರೆ ಹೆಂಡತಿಯನ್ನು ತಂದರು. ಅದೇ ವಾರ ನೀಲಿ ಗದಗಿಗೆ ಹೊರಟಳು. ಸ್ಟೇಷನ್ನಿಗೆ ಹೋಗುವ ಟಾಂಗಾ ನಮ್ಮ ಬಾಗಿಲಲ್ಲಿ ನಿಂತಿತು. ನೀಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಾಲ ಬಳಿ ತನ್ನ ಬಟ್ಟೆಯ ಗಂಟು ಇಟ್ಟುಕೊಂಡು ಈರವ್ವ ಕೂತಿದ್ದಳು.

"ಹೆಂಡತಿ ಆಗಿದ್ದರ ಈ ಗಾಡ್ಯಾಗ ನಾ ಇರತಿದ್ದಿಲ್ರಿ, ಬಾಯಾರ" ಅಂದಳು.